ನನ್ನ ಕೈದಿಯನ್ನು ನನಗೇ ಕೊಡಿ

ಮಾನ್ಯ ನ್ಯಾಯಾಧೀಶರಿಗೆ, ತಲೆ ಕಳೆದುಕೊಂಡ ಮೂರು ಬೊಂಬೆಗಳ ಯಜಮಾನನಾದ ಟೇಲರ್ ಮಾಡುವ ಅರಿಕೆ.

ನನ್ನ ಅಂಗಡಿಯ ಬೊಂಬೆಗಳು ತನ್ನನ್ನು ನೋಡಿ ನಗುತ್ತವೆಂದು ಅವುಗಳ ತಲೆ ಒಡೆದ ಪೇಂಟರನ್ನು ಜೈಲಿಗೆ ಹಾಕಿ ಎಂದು ನಾನು ಗಂಟಲು ಹರಿಯುವಂತೆ ಕೂಗಿದ್ದೆ. ತಾವು ಅವನಿಗೆ ಕಾಯಿಲೆಯೆಂದು ಆಸ್ಪತ್ರೆಗೆ ಕಳಿಸಿದಿರಿ. ಆಮೇಲೆ, ದಿನಾ ಯಾರಾದರೊಬ್ಬರ ಎದುರು ಮಾತ್ರೆ ನುಂಗಬೇಕೆಂದು ಷರತ್ತು ಹಾಕಿ ಬಿಟ್ಟಿರಿ. ಆ ಒಬ್ಬ ನಾನೇ ಆಗುತ್ತೇನೆಂದು ಮುಂದೆ ಬಂದದ್ದು ಕರುಣೆಯಿಂದಲ್ಲ, ಕಹಿ ನುಂಗುವಾಗ ಅವನ ಮುಖ ನೋಡುವ ಸುಖಕ್ಕೆ.

ಸುಖ ಸಿಕ್ಕಿತು. ಮಾತ್ರೆಯ ಡಬ್ಬಿಯನ್ನು ನನ್ನ ಗಲ್ಲಾಪೆಟ್ಟಿಗೆಯಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಅವನು ನುಂಗಿದ ಮೇಲೆ, ಕತ್ತರಿ ಹಿಡಿದು ದುರುಗುಟ್ಟಿಕೊಂಡೇ "ಬಾಯಿ ತೆಗಿ, ನಾಲಿಗೆ ಎತ್ತು" ಎನ್ನುತ್ತಿದ್ದೆ. ಬರಬರುತ್ತಾ ಅವನೇ ಬೊಂಬೆಗಳ ತಲೆ ಅಂಟಿಸಿ ಹೊಸ ಮುಖ ಬರೆದ. ಮೂರೂ ನನ್ನಂತೆಯೇ ಗಂಟುಮುಖ. "ಇವು ಯಾವತ್ತೂ ನಗಲ್ಲ ಬಿಡಣ್ಣ" ಅಂದ.

ಇವತ್ತು ನನಗೆ ಜ್ವರ, ಅಂಗಡಿ ತೆರೆಯಲಿಲ್ಲ. ಅವನು ಬಾಗಿಲು ಬಡಿದೂ ಬಡಿದೂ, "ಮಾತ್ರೆ ಹೊತ್ತಾಯ್ತು, ತೆಗಿ ಟೇಲರಣ್ಣ!" ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದನಂತೆ. ಬೀಗ ಒಡೆಯಲು ಬಂದವನೆಂದು ಪೊಲೀಸರು ಹಿಡಿದೊಯ್ದರು. ನಾಳೆ ತಮ್ಮೆದುರು ನಿಲ್ಲಿಸುತ್ತಾರಂತೆ.

ಜೈಲಿಗೆ ಕಳಿಸಬೇಡಿ, ಸ್ವಾಮಿ. ಅಲ್ಲಿ ಅವನ ನಾಲಿಗೆ ಎತ್ತಿಸಿ ನೋಡುವವರು ಯಾರೂ ಇಲ್ಲ. ನನ್ನ ಸೇಡಂತೂ ಅರ್ಧ ಕೂಡ ತೀರಿಲ್ಲ. ಬೆಳಿಗ್ಗೆಯೇ ಮಾತ್ರೆ, ನೀರು ಹಿಡಿದು ಕೋರ್ಟಿನ ಮೆಟ್ಟಿಲ ಮೇಲೆ ದುರುಗುಟ್ಟಿಕೊಂಡು ನಿಂತಿರುತ್ತೇನೆ.

ಇಂತಿ,
ತಮ್ಮ ಮೇಲೂ ಕೊಂಚ ಸಿಟ್ಟಿರುವ
ಟೇಲರ್