ಜುಲೈ ತಿಂಗಳ ಮರಿಹಕ್ಕಿಗಳು

ಅಳಿವೆ ಬದಿಯ ಮನೆ
ಸೆಪ್ಟೆಂಬರ್ ೧೪

ಅಪ್ಪನಿಗೆ ಮಗಳ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಕೆಸರಲ್ಲಿ ನಿಂತು ನಿಂತು ಬಂದದ್ದು ಅಂತ ಬರೆದಿದ್ದೀರಿ, ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ತಮ್ಮನೂ ಅಷ್ಟೇ, ಮಾತಾಡಿಸುವವರು ಅವನ ಎಡಗಡೆ ನಿಲ್ಲಬೇಕು. ಮೊದಲಿನ ಹಾಗೆ ನಿಮ್ಮನ್ನು ‘ನೀನು’ ಅನ್ನಲು ಕೈ ಓಡುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ನನಗೇನಿಲ್ಲ.

ಮನೆ ಬಿಟ್ಟು ಹೋದ ಹನ್ನೊಂದು ವರ್ಷಕ್ಕೆ ನಿಮ್ಮ ಮೊದಲ ಕಾಗದ ಬಂತು, ಅದೂ ಹಕ್ಕಿ ಎಣಿಕೆಯ ನೋಟ್‌ಬುಕ್ಕುಗಳಿಗಾಗಿ. ಇಲಾಖೆಯವರು ನಿಮ್ಮ ಹೆಸರಲ್ಲಿ ಅಚ್ಚು ಹಾಕಿಸುತ್ತಾರಂತೆ, ಸಂತೋಷ. ಈಗ ಅಳಿವೆ ದಂಡೆಯ ಹಕ್ಕಿ ಎಣಿಕೆ ನನ್ನ ಕೆಲಸವಲ್ಲವೇ, ಕಟ್ಟು ಕಟ್ಟುವ ಮೊದಲು ಒಂಬತ್ತು ಪುಸ್ತಕಗಳನ್ನೂ ಓದಿದೆ.

“ಮೊದಲು ಬೆನ್ನು ನೋಡು, ಕೊಕ್ಕು ಆಮೇಲೆ” ಅಂತ ದುರ್ಬೀನು ಕೊಟ್ಟು ಕಲಿಸಿದವರು ನೀವೇ. ಆ ವರ್ಷದ ಮರಿಯಾದರೆ ಬೆನ್ನಿನ ಒಂದೊಂದು ಗರಿಗೂ ಬಿಳಿ ಅಂಚು, ಮೀನಿನ ಹುರುಪೆಯಷ್ಟು ಅಚ್ಚುಕಟ್ಟು. ದೊಡ್ಡದಾದರೆ ಸವೆದ ಗರಿ, ಅಲ್ಲಲ್ಲಿ ಉಳಿದ ಮಾಸಲು ಕೆಂಪು. ವಲಸೆ ಬರುವ ನಮ್ಮ ಗೊರವ ಹಕ್ಕಿಗಳಲ್ಲಿ ದೊಡ್ಡವು ಮರಿಗಳನ್ನು ಉತ್ತರದಲ್ಲೇ ಬಿಟ್ಟು ಮೊದಲು ಬರುತ್ತವೆ. ಮರಿಗಳು ತಿಂಗಳು ಕಳೆದು, ಸೆಪ್ಟೆಂಬರ್ ಹೊತ್ತಿಗೆ, ತಾವೇ ದಾರಿ ಹುಡುಕಿಕೊಂಡು ಬರುತ್ತವೆ. ನೀವು ಹೋದ ಮೇಲೆ ಈ ಪಾಠ ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ಕೊನೆಯ ಪುಸ್ತಕದಲ್ಲಿ, ಜುಲೈ ಎರಡನೇ ಭಾನುವಾರ, ‘ಈ ವರ್ಷದ ಮರಿ, ನಲವತ್ತು’ ಎಂದಿದೆ. ಆಗಿನ್ನೂ ಅವುಗಳ ರೆಕ್ಕೆಯೇ ಬಲಿತಿರುವುದಿಲ್ಲ. ಕೆಸರಲ್ಲಿ ನಿಂತು ನೋಡಿದವರು ಹೀಗೆ ಬರೆಯುವುದಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನ ಪುಟ ತೆರೆದಿಟ್ಟು, ಎಲ್ಲೋ ಆರಾಮಾಗಿ ಕೂತು ಅಂಕಿ ತುಂಬಿದವರು ಬರೆಯುತ್ತಾರೆ. ಆ ‘ಎಲ್ಲೋ’ ನಿಮ್ಮ ಈಗಿನ ಮನೆಯವರ ಮನೆ ಎಂದು ತಿಳಿಯಲು ನನಗೆ ದುರ್ಬೀನು ಬೇಕಾಗಲಿಲ್ಲ.

ಅದೇ ಭಾನುವಾರ ತಮ್ಮನಿಗೆ ಜ್ವರ ನೆತ್ತಿಗೇರಿತ್ತು. ಆಸ್ಪತ್ರೆಗೆ ಹೋಗೋಣವೆಂದರೆ ಜೀಪು ನಿಮ್ಮ ಹತ್ತಿರ. ಅಮ್ಮ ನನ್ನನ್ನು ದಂಡೆಗೆ ಓಡಿಸಿದಳು. ನನಗಾಗ ಹನ್ನೊಂದು ವರ್ಷ. ಮೊಣಕಾಲುದ್ದ ಕೆಸರಲ್ಲಿ ಈ ತುದಿಯಿಂದ ಆ ತುದಿಗೆ ಅಪ್ಪಾ ಅಪ್ಪಾ ಅಂತ ಕೂಗಿ ಗಂಟಲು ಕಟ್ಟಿತು. ಸಂಜೆ ಬಂದ ನೀವು ಹೇಳಿದ್ದು ಇಷ್ಟೇ: “ಆಚೆ ಮರಳುದಿಬ್ಬದಲ್ಲೇ ಇದ್ದೆನಲ್ಲ, ಇವಳು ಸರಿಯಾಗಿ ಹುಡುಕಿಲ್ಲ.” ಆ ಜ್ವರಕ್ಕೆ ತಮ್ಮನ ಬಲಗಿವಿ ಹೋಯಿತು. ಸರಿಯಾಗಿ ಹುಡುಕಿದ್ದರೆ ಉಳಿಯುತ್ತಿತ್ತು ಅಂತ ನಾನು ಇಷ್ಟು ವರ್ಷ ಅವನ ಎಡಗಡೆಯೇ ನಿಂತು ಬದುಕಿದ್ದೇನೆ.

ಪುಸ್ತಕಗಳನ್ನು ಕಳಿಸುತ್ತಿದ್ದೇನೆ. ಒಂದಕ್ಷರ ತಿದ್ದಿಲ್ಲ, ಹಾಳೆ ಹರಿದಿಲ್ಲ. ಆ ಪುಟದ ವಿಷಯ ಮಾತ್ರ ಇಲಾಖೆಯವರಿಗೆ ಬೇರೆಯಾಗಿ ಬರೆದಿದ್ದೇನೆ. ಮಂಡಿ ಜೋಪಾನ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸುವುದೇನೂ ಬೇಡ.

ಇಂತಿ,
ನೀವು ಕರೆಯುತ್ತಿದ್ದ
ಕಡ್ಡಿಕಾಲಿ

ಹೇಳಲು ಬಿಟ್ಟುಹೋದದ್ದು: ನಿಮ್ಮ ಗೀಚನ್ನೆಲ್ಲ ದುಂಡಗೆ ನಕಲು ಮಾಡುತ್ತಿದ್ದವಳು ಅಮ್ಮ, ಹಕ್ಕಿ ವಿಷಯದಲ್ಲಿ ನಿಮಗಿಂತ ಚುರುಕು. ಆ ‘ನಲವತ್ತು’ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಪ್ರಶ್ನೆ ಚಿಹ್ನೆ ಇದೆ, ಅವಳದೇ. ನಿನ್ನೆ ತೋರಿಸಿದೆ. “ನನಗೆ ಅವತ್ತೇ ಗೊತ್ತಾಗಿತ್ತು” ಅಂದಳು, ಬಟ್ಟೆ ಮಡಚುತ್ತಲೇ. ನಿಮಗಾದರೆ ಕಾಗದ ಬರೆದೆ. ಅವಳಿಗೆ ಹೇಗೆ ಬರೆಯಲಿ, ಒಂದೇ ಮನೆಯಲ್ಲಿದ್ದೇವೆ.