ಶನಿವಾರದ ಶ್ರುತಿ

8 ಜನವರಿ 1994, ಶನಿವಾರ. ಡೊಂಬಿವಲಿ

ಗುರುನಾಥ ಬಂದ, ಚಹಾ ಕುಡಿದ, ಗಿಟಾರ್ ಹೆಗಲಿಗೇರಿಸಿಕೊಂಡು ಹೋದ. ಈ ವಾರ ಅವನದು, ಮುಂದಿನ ವಾರ ನನ್ನದು. ಇಬ್ಬರೂ ಕೂಡಿ ತಂದದ್ದಲ್ಲವೇ. ಎಂದಿನಂತೆ ಶ್ರುತಿ ಮಾಡಿ ಕೊಟ್ಟೆ. ಅವನಿಗೆ ಅದೊಂದು ಬರುವುದಿಲ್ಲ... ಬಿರಡೆ ತಿರುವಿ ತಿರುವಿ ತಂತಿ ಹರಿಯುತ್ತಾನೆ.

ಗಿಟಾರ್ ಕಲಿಸುವ ಮಾಸ್ತರರ ಹುಡುಕಾಟ ಇನ್ನೂ ಮುಗಿದಿಲ್ಲ. ದಾದರ್ ಫುಟ್‌ಪಾತಿನ ಒಂದು ಜಾಜ್ ಕ್ಯಾಸೆಟ್ ಕೇಳಿ ಹುಚ್ಚು ಹಿಡಿಸಿಕೊಂಡವರು ನಾವು. ಕಲ್ಯಾಣದ ಕ್ಲಾಸಿನವನು ಸಿನಿಮಾ ಹಾಡು ನುಡಿಸಿ, ಇದೇ ಜಾಜ್ ಅಂದ. ಉಲ್ಹಾಸನಗರದವನು ಕೇಳಿದ: “ಸೀಖ್ ಕೆ ಬಜಾಓಗೆ ಕಹಾಂ? ಶಾದಿ ಮೆಂ?” ಗುರುನಾಥ ಟ್ರೇನಿನ ತುಂಬ “ಕಲ್ತು ಎಲ್ಲಿ ಬಾರಸ್ತೀರಿ, ಮದವ್ಯಾಗೇನು?” ಅಂತ ಅದನ್ನೇ ಹೇಳಿ ನಗಿಸಿದ. ಅವನು ಕಲ್ಯಾಣದಲ್ಲಿ ಹತ್ತುತ್ತಾನೆ, ನಾನು ಇಲ್ಲಿ. ವರ್ಷಗಟ್ಟಲೆ ಒಂದೇ ಡಬ್ಬಿ, ಒಂದೇ ಭಜನಿ ಮಂಡಳಿ. ಅವನಿಲ್ಲದಿದ್ದರೆ ಈ ಊರಲ್ಲಿ ನನಗೆ ಯಾರಿದ್ದಾರೆ.

23 ಜನವರಿ, ಭಾನುವಾರ

ಸಿಕ್ಕರು! ಥಾಣೆ, ವರ್ತಕ ನಗರ. ದೇವದಾಸ್ ಮಾಸ್ತರ್. ಉಡುಪಿ ಕಡೆಯವರು. ಹೋಟೆಲಿಗೆ ಪ್ಲೇಟು ತೊಳೆಯಲು ಬಂದವರು, ಅಲ್ಲಿಯ ಬ್ಯಾಂಡಿನವರ ಹತ್ತಿರ ಕಲಿತು, ಆಮೇಲೆ ಅದೇ ಬ್ಯಾಂಡಿನಲ್ಲಿ ನುಡಿಸಿದರು. ನಮ್ಮ ಗಿಟಾರಿನ ಮೇಲೇ ನಾಲ್ಕು ಕಾರ್ಡ್, ಅಂದರೆ ಸ್ವರಗಳ ಗೊಂಚಲು, ನುಡಿಸಿ ತೋರಿಸಿದರು. ಮೈ ಜುಮ್ಮೆಂದಿತು. ನಮ್ಮ ಗಿಟಾರಿನೊಳಗೆ ಇದೆಲ್ಲ ಇತ್ತೇ...

ಮೊದಲ ಕಾಯಿದೆ: “ಶ್ರುತಿ ಇಲ್ಲದ ಗಿಟಾರ್ ತಂದ್ರೆ ಬಾಗಿಲಿಂದ್ಲೇ ವಾಪಸ್ ಕಳಿಸ್ತೇನೆ. ಮತ್ತೆ ಬರುದೇ ಬೇಡ. ಇದು ಸರಿ ಉಂಟು. ಯಾರು ಮಾಡಿದ್ದು?”

“ಮನ್ಯಾಗ ಮಾಡಿದ್ವಿರಿ,” ಅಂದ ಗುರುನಾಥ. ನಾನು ನಕ್ಕೆ.

ಆಮೇಲೆ ಚಪ್ಪಾಳೆ. ನಾಲ್ಕರ ತನಕ ಎಣಿಸುವುದು, ಎರಡಕ್ಕೂ ನಾಲ್ಕಕ್ಕೂ ಮಾತ್ರ ಹೊಡೆಯುವುದು. “ಒಂದಕ್ಕೆ ಹೊಡೆಯುದು ಭಜನೆ. ಇದು ಕೈಗೆ ಕೂರ್ಬೇಕು. ತಿಂಗಳು ಹಿಡೀತದೆ.” ನನಗೆ ಬೇಗ ಸಿಕ್ಕಿತು. ಗುರುನಾಥನ ಕೈ ಮಾತ್ರ ಒಂದಕ್ಕೇ ಓಡುತ್ತಿತ್ತು, ಹಗ್ಗ ಬಿಚ್ಚಿದ ಕರುವಿನಂತೆ. ಮಾಸ್ತರು ಪೂರ್ತಿ ಹೊತ್ತು ನನ್ನ ಕಡೆಗೇ ನೋಡಿ ಮಾತಾಡಿದರು. ಖುಷಿಯಾಯಿತು, ಸುಳ್ಳೇಕೆ.

31 ಜನವರಿ

ನಿನ್ನೆ ಎರಡನೆಯ ಪಾಠ. ನಾಳೆ ಬಿಜಾಪುರ — ಅವ್ವನ ಕಣ್ಣಿನ ಆಪರೇಷನ್. ಗುರುನಾಥ ಧೈರ್ಯ ಹೇಳಿದ: “ನೀ ಬೇಫಿಕೀರ್ ಹೋಗು. ಮಾಸ್ತರ್ ಹೇಳಿದ್ದೆಲ್ಲಾ ನೀ ಬಂದಮ್ಯಾಲ ನಾ ಹೇಳಿಕೊಡ್ತೀನಿ.”

15 ಫೆಬ್ರವರಿ

ಅವ್ವ ಆರಾಮ. ಇಲ್ಲಿ ಮಾತ್ರ ಕೆಟ್ಟ ಸುದ್ದಿ. ಗುರುನಾಥ ಮುಖ ಸಣ್ಣದು ಮಾಡಿಕೊಂಡು ಹೇಳಿದ: “ಮಾಸ್ತರ್ ಮಸ್ಕತ್‌ಗೆ ಹೋದ್ರು. ಮಗನ ಕಡೆ. ಕ್ಲಾಸ್ ಬಂದ್. ಮನಿಗೆ ಕೀಲಿ ಹಾಕ್ಯಾರ, ನಾನ ನೋಡಿ ಬಂದೆ.”

ಊಟ ಸೇರಲಿಲ್ಲ. ಮಾಲಾ ಅಂದಳು: “ಹೋದ್ರ ಹೋಗ್ಲಿ ಬಿಡ್ರಿ. ಮುಂಬೈದಾಗ ಮಾಸ್ತರ್ ಅವರೊಬ್ಬರ ಏನು?” ಅವರೊಬ್ಬರೇ. ಹೆಂಡತಿಗೆ ಹೇಗೆ ತಿಳಿಸುವುದು.

5 ಮಾರ್ಚ್, ಶನಿವಾರ

ಗಿಟಾರ್ ಮಾರಿಬಿಡೋಣ ಅಂದೆ. ಗುರುನಾಥ ಗಾಬರಿಯಾದ. “ಮಾರೂದ್ ಬ್ಯಾಡ. ನೀ ಶ್ರುತಿ ಮಾಡಿ ಕೊಡು, ಸಾಕು. ಹೆಂಗರ ಕಲಿಯೋಣ.” ನನಗಿಂತ ಅವನಿಗೇ ಶ್ರದ್ಧೆ ಹೆಚ್ಚು ಅನ್ನಿಸಿ ನಾಚಿಕೆಯಾಯಿತು. ಇನ್ನಷ್ಟು ಹೊತ್ತು ಕೂತು, ಕಿವಿಗೊಟ್ಟು ಶ್ರುತಿ ಮಾಡಿದೆ.

6 ಏಪ್ರಿಲ್, ಬುಧವಾರ

ಬೆಳಿಗ್ಗೆ ಟ್ರೇನಿನಲ್ಲಿ ಭಜನೆ. ನಾನು ತಾಳ ಹಿಡಿದಿದ್ದೆ. ಗುರುನಾಥ ಕಿಟಕಿಯಾಚೆ ನೋಡುತ್ತ, ಏನೋ ಯೋಚನೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದ. ಎರಡಕ್ಕೆ. ನಾಲ್ಕಕ್ಕೆ. ಒಂದೂ ತಪ್ಪದೆ.

ಮಂಡಳಿಯ ಹಿರಿಯರಾದ ಕದಮ್ ಕಾಕಾ, ಚಪ್ಪಾಳೆ ಎಲ್ಲಿ ಹೊಡೀತಿದ್ದೀ ಎಂದು ರೇಗಿದರು: “ಅರೆ ಗುರುನಾಥ, ಟಾಳಿ ಕುಠೆ ಮಾರತೋಸ?” ಅವನು ಬೆಚ್ಚಿ ಕೈ ನಿಲ್ಲಿಸಿದ. ನನ್ನ ಮುಖ ನೋಡಿದ, ಆಮೇಲೆ ನೋಡಲಿಲ್ಲ.

ಎರಡು ಪಾಠಕ್ಕೆ ಬರುವಂಥದ್ದಲ್ಲ ಅದು. ಅದೂ ಅವನ ಕೈಗೆ...

10 ಏಪ್ರಿಲ್, ಭಾನುವಾರ

ವರ್ತಕ ನಗರಕ್ಕೆ ಹೋದೆ. ಬಾಗಿಲು ತೆಗೆದವರು ಮಾಸ್ತರೇ.

“ಓ, ಅಂಬಾದಾಸರಾ? ಊರಲ್ಲೇ ಉಳಿದ್ರಿ, ಗಿಟಾರ್ ಬೇಡ ಅಂದ್ರಿ ಅಂತ ಗುರುನಾಥ ಹೇಳಿದ. ಮಸ್ಕತ್ತಾ? ನನ್ನತ್ರ ಪಾಸ್‌ಪೋರ್ಟೇ ಇಲ್ಲ ಮಾರಾಯ್ರೆ.”

ವಾರ ಬಿಟ್ಟು ವಾರ ಬರುತ್ತಾನಂತೆ. ಗಿಟಾರ್ ಅವನ ಬಳಿ ಇರುವ ಭಾನುವಾರ.

“ಅವನ ಕೈ ನಿಧಾನ. ಆದ್ರೆ ಒಂದು ಹೇಳ್ತೇನೆ, ಶ್ರುತಿ ಒಂದು ದಿನ ತಪ್ಪಿಲ್ಲ. ಅಂಥ ಕಿವಿ ಇದ್ದವ ಕಲಿತೇ ಕಲೀತಾನೆ. ನೀವೂ ಬನ್ನಿ, ಇಬ್ಬರೂ ಒಟ್ಟಿಗೆ ಕೂತ್ಕೊಳ್ಳಿ.”

ಆ ಕಿವಿ ನನ್ನದು ಅನ್ನಬೇಕಿತ್ತು. ಆಯಿತು ಎಂದು ತಲೆಯಾಡಿಸಿ ಇಳಿದು ಬಂದೆ. ನನ್ನ ಕಿವಿಗೇ ಹೂ ಇಟ್ಟು, ಆ ಕಿವಿಯನ್ನೇ ತನ್ನದೆಂದು ತೋರಿಸಿಕೊಂಡಿದ್ದಾನೆ. ಇಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ.

12 ಏಪ್ರಿಲ್

ನಿನ್ನೆ ಪಾಡವಾ, ನಮ್ಮ ಯುಗಾದಿ. ಪ್ರತಿ ವರ್ಷದಂತೆ ಬಂದು ಹೋಳಿಗೆ ಉಂಡು ಹೋದ. ಮಾಲಾಳ ಎದುರು ಬೇಡವೆಂದು ಮಾತನ್ನು ಇವತ್ತಿಗೆ ಉಳಿಸಿಕೊಂಡೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಇಂದು ಥಾಣೆ ಪ್ಲಾಟ್‌ಫಾರ್ಮಿನಲ್ಲಿ ತಡೆದು ಕೇಳಿದೆ. ಅಲ್ಲಗಳೆಯಲಿಲ್ಲ.

“ನೀ ಇದ್ರ ಮಾಸ್ತರ್ ನಿನ್ನ ಕಡೇನ ನೋಡ್ತಾರ, ಅಂಬ್ಯಾ. ಭಜನ್ಯಾಗೂ ಹಂಗ. ಒಂದರ ನಂದು ಅಂತ ಇರ್ಲಿ ಅನ್ನಿಸ್ತು.”

“ನನ್ನ ಶ್ರುತಿ ಹೆಂಗ ನಿಂದಾತು?”

ಟ್ರೇನು ಬರುವ ಕಡೆ ತಿರುಗಿ ಅಂದ: “ಶನಿವಾರ ಬರ್ತೀನಿ. ಗಿಟಾರಿನ್ಯಾಗ ನಂದೂ ಅರ್ಧ ಅದ.”

ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೆ... ಗೊತ್ತಿಲ್ಲ.

16 ಏಪ್ರಿಲ್, ಶನಿವಾರ. ಸಂಜೆ

ಮೂರನೆಯ ತಂತಿ ತುಸು ಇಳಿಸಿದ್ದೇನೆ. ಹೆಚ್ಚಲ್ಲ. ಅವನ ಕಿವಿಗೆ ಸಿಗದಷ್ಟು, ಮಾಸ್ತರ ಕಿವಿಗೆ ಸಿಗುವಷ್ಟು. ನಾಳೆ ಬಾಗಿಲಿಂದಲೇ ವಾಪಸ್. ಆಗಲಿ. ಯಾರ ಕಿವಿ ಎಂದು ಮಾಸ್ತರಿಗೂ ತಿಳಿಯಲಿ.

ಒಮ್ಮೆ ನುಡಿಸಿ ನೋಡಿದೆ. ನನ್ನ ಕೈಯಿಂದ ಇಂಥ ಗಿಟಾರ್ ಹೊರಗೆ ಹೋದದ್ದಿಲ್ಲ.

ಒಳಗಿನಿಂದ ಮಾಲಾ: “ಬಂದ್ರು ನೋಡ್ರಿ ಗುರುನಾಥಣ್ಣ. ಚಹಾ ಇಡ್ಲೇನು?”

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಎಡಗೈ ಬಿರಡೆಯ ಮೇಲೇ ಇದೆ. ತಂತಿ ಮತ್ತೆ ಶ್ರುತಿಗೆ ಬರಲು ಒಂದು ಸಣ್ಣ ತಿರುವು, ಅಷ್ಟೇ. ತಿರುವಿದರೆ —