ಪಕ್ಕದ ಸೀಟಿನ ಬ್ರೇಕು

ಮಾರ್ಚ್ 3, ಸೋಮವಾರ

ಬೆಳಗ್ಗೆ ಆರಕ್ಕೇ ಕ್ಲಚ್ಚಪ್ಪ (ನಾನಿಟ್ಟ ಹೆಸರು) ಹಾಜರು. ದೊಡ್ಡ ಬ್ಯಾಂಕಿನ ಮ್ಯಾನೇಜರು, ಅಷ್ಟೊಂದು ಜನರನ್ನು ನಡೆಸುತ್ತಾನೆ, ಒಂದು ಕ್ಲಚ್ಚು ಬಿಡಲು ಬರುವುದಿಲ್ಲ. ಸರ್ಕಲ್ ಹತ್ತಿರ ಲಾರಿ ಬಂತು. ಅವನ ಕಣ್ಣಿಗೆ ಬೀಳುವ ಮುಂಚೆಯೇ ನನ್ನ ಕಡೆಯ ಬ್ರೇಕು ಒತ್ತಿ ಆಗಿತ್ತು. ಡ್ರೈವಿಂಗ್ ಸ್ಕೂಲಿನ ಕಾರೆಂದರೆ ಅದೇ ಅನುಕೂಲ — ಕಲಿಯುವವರ ಕಾಲ ಕೆಳಗೊಂದು ಬ್ರೇಕು, ಪಕ್ಕದಲ್ಲಿ ಕೂತ ನನ್ನ ಕಾಲ ಕೆಳಗೊಂದು. ಇಷ್ಟು ವರ್ಷ ಕಲಿಸಿದ್ದೇನೆ, ಕಾರಿಗೆ ಒಂದು ಗೀರು ಬಿದ್ದಿಲ್ಲ. ನನ್ನ ಕಾಲಿಗೆ ಕಣ್ಣಿದೆ ಎನ್ನುತ್ತಾರೆ. ಇದ್ದರೂ ಇರಬಹುದು.

“ಮೇಡಂ, ನಾನು ಒತ್ತೋಣ ಅನ್ನೋಷ್ಟರಲ್ಲಿ ನೀವೇ ಒತ್ತಿಬಿಡ್ತೀರಿ. ನಾನು ಕಲಿಯೋದು ಯಾವಾಗ?”

“ಬದುಕಿದ್ರೆ ತಾನೇ ಕಲಿಯೋದು?” ಅಂದೆ. ಮತ್ತೆ ಗೇರಿಗೆ ಕೈ ಹಾಕಿದ.

ಸಂಜೆ ಅಕ್ಕನ ಸೂಟ್‌ಕೇಸು ಬಿಚ್ಚಿ ನಾನೇ ಇನ್ನೊಮ್ಮೆ ಜೋಡಿಸಿದೆ. ಎರಡು ತೆಳು ಸ್ವೆಟರು ಇಟ್ಟಿದ್ದಳು. ತೆಗೆದೆ, ದಪ್ಪದ್ದೊಂದು ಇಟ್ಟೆ. ಶುಕ್ರವಾರ ವಿಮಾನ. ಸರೋವರ! ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. “ದಯವಿಟ್ಟು ಹೋಲ್ಡ್ ಮಾಡಿ” ಅನ್ನುವುದರಲ್ಲೇ ಆಯಸ್ಸು ಕಳೆದಳು. ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಆ ಸರೋವರದ ಚಿತ್ರ. ವರ್ಷ ಮುಗಿದರೂ ಆ ಕ್ಯಾಲೆಂಡರು ಇಳಿಸಲು ಯಾರಿಗೂ ಬಿಟ್ಟಿರಲಿಲ್ಲವಂತೆ. “ಒಂದ್ಸಲ ಆ ನೀರಲ್ಲಿ ಕಾಲು ಬಿಟ್ಕೊಂಡು ಕೂತ್ಕೋಬೇಕು ಕಣೇ” — ಅವಳು ಬಾಯಿಬಿಟ್ಟು ಹೇಳಿದ ಆಸೆ ಅದೊಂದೇ. ರಿಟೈರ್ ಆದಾಗ ಬಂದ ದುಡ್ಡಲ್ಲಿ ಅದಕ್ಕೆಂದೇ ಎತ್ತಿಟ್ಟಿದ್ದಳು. ಟಿಕೆಟ್, ಹೋಟೆಲು, ಇನ್ಶೂರೆನ್ಸು — ಎಲ್ಲ ಮಾಡಿದ್ದು ನಾನು. ಅವಳಿಗೇನು ಗೊತ್ತಾಗುತ್ತೆ ಪಾಪ.

ಮಾರ್ಚ್ 5, ಬುಧವಾರ

ಸಂಜೆ ಮನೆಗೆ ಬಂದರೆ ಅಕ್ಕ ಸೋಫಾ ಮೇಲೆ ಮುದುಡಿ ಕೂತಿದ್ದಳು. ಹಣೆ ಮುಟ್ಟಿದೆ — ಕೆಂಡ. ಹಲ್ಲು ಕಟಕಟ. “ಸ್ವಲ್ಪ ನೆಗಡಿ ಅಷ್ಟೇ” ಎಂದಳು. ನೆಗಡಿಯಂತೆ! ನೀರು ಕಾಯಲು ಇಟ್ಟೆ. ಅದು ಕುದಿಯುವಷ್ಟರಲ್ಲಿ ಮೊಬೈಲ್‌ನಲ್ಲೇ ವಿಮಾನ ಕ್ಯಾನ್ಸಲ್, ಹೋಟೆಲು ಕ್ಯಾನ್ಸಲ್. ಆಮೇಲೆ ಅವಳನ್ನು ಕಾರಿಗೆ ಹಾಕಿಕೊಂಡು ಪಕ್ಕದ ಬೀದಿಯ ಡಾಕ್ಟರ ಹತ್ತಿರ.

ಎಕ್ಸ್‌ರೇ ನೋಡಿ ಡಾಕ್ಟರು ಕನ್ನಡಕ ತೆಗೆದರು. “ನ್ಯುಮೋನಿಯಾ. ಇವತ್ತೇ ಅಡ್ಮಿಟ್ ಆಗ್ಲಿ. ಪ್ರಯಾಣದ ಮಾತೇ ಬೇಡ.”

“ಆಗ್ಲೇ ಕ್ಯಾನ್ಸಲ್ ಮಾಡಿ ಆಯ್ತು ಡಾಕ್ಟ್ರೇ!” ಅಂದೆ. ಹೆಮ್ಮೆಯಿಂದಲೇ.

ಬ್ಲೌಸಿನ ಗುಂಡಿ ಹಾಕಿಕೊಳ್ಳುತ್ತಿದ್ದ ಅಕ್ಕ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಜ್ವರದ ಮಂಪರು ಅಂದುಕೊಂಡೆ.

ಮಾರ್ಚ್ 9, ಭಾನುವಾರ

ಅಪಾಯ ಇಲ್ಲವಂತೆ. ಉಸ್ಸಪ್ಪಾ. ನಾಲ್ಕು ರಾತ್ರಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ... ಯಾರಿಗೂ ತೋರಿಸಿಕೊಂಡಿಲ್ಲ.

ಹಾಸಿಗೆ ಪಕ್ಕ ಕೂತೇ ಕ್ಲೈಮ್ ಹಾಕಿದೆ. ಡಾಕ್ಟರ ಸರ್ಟಿಫಿಕೇಟು, ಬಿಲ್ಲು, ಕ್ಯಾನ್ಸಲ್ ಆದ ಟಿಕೆಟ್ಟು — ಒಂದೂ ಬಿಡದೆ ಅಪ್‌ಲೋಡು. ಸಲೀಸು. ಜನ ಇದಕ್ಕೆಲ್ಲ ಯಾಕೆ ಗೋಳಾಡುತ್ತಾರೋ. ದುಡ್ಡು ಬರುತ್ತೆ, ಮತ್ತೆ ಟಿಕೆಟ್ ಮಾಡಿಸುತ್ತೇನೆ, ಅಕ್ಕನ ಸರೋವರ ಎಲ್ಲಿಗೂ ಓಡಿಹೋಗಲ್ಲ.

ಏಪ್ರಿಲ್ 2, ಬುಧವಾರ

ಇನ್ಶೂರೆನ್ಸಿನವನ ಫೋನು. ಬೆಣ್ಣೆ ಸವರಿದ ದನಿ. ಬೆಣ್ಣೆ ಎಂದೇ ಹೆಸರಿಟ್ಟೆ.

“ಅಕ್ಕ ಅವರು ಈಗ ಹೇಗಿದ್ದಾರೆ ಮೇಡಂ? ತುಂಬಾ ಸಂತೋಷ. ಒಂದು ಸಣ್ಣ ವಿಷ್ಯ. ಡಾಕ್ಟ್ರು ಸರ್ಟಿಫಿಕೇಟ್ ಕೊಟ್ಟಿದ್ದು ಏಳೂವರೆಗೆ. ನೀವು ಕ್ಯಾನ್ಸಲ್ ಮಾಡಿದ್ದು ಆರೂ ಕಾಲಿಗೆ.”

“ಅದಕ್ಕೆ?”

“ಮೊದಲು ಡಾಕ್ಟ್ರು ಬೇಡ ಅನ್ನಬೇಕು ಮೇಡಂ, ಆಮೇಲೆ ನೀವು ಕ್ಯಾನ್ಸಲ್ ಮಾಡಬೇಕು. ಪಾಲಿಸಿಯಲ್ಲಿ ಇದೆ.”

ಪಿತ್ತ ನೆತ್ತಿಗೇರಿತು. “ನ್ಯುಮೋನಿಯಾ ಏನ್ ಗಡಿಯಾರ ನೋಡ್ಕೊಂಡು ಬರುತ್ತೇನ್ರೀ? ಆರಕ್ಕೆ ಇರಲಿಲ್ಲ, ಏಳೂವರೆಗೆ ಬಂತಾ?”

“ಹಾಗಲ್ಲ ಮೇಡಂ. ಡಾಕ್ಟ್ರು ಮೊದಲೇ ಫೋನಲ್ಲಿ ಏನಾದ್ರೂ ಹೇಳಿದ್ರೆ ನೋಡಬಹುದು. ಪೇಷಂಟ್ ಹತ್ರ ನಾನೇ ಮಾತಾಡ್ತೀನಿ. ಮುಂದಿನ ಗುರುವಾರ.”

ಪಾಲಿಸಿ ತೆಗೆದು ಓದಿದೆ. ಇದೆ. ಕಪ್ಪಗೆ, ದಪ್ಪ ಅಕ್ಷರದಲ್ಲೇ ಇದೆ... ಥೂ.

ಏಪ್ರಿಲ್ 9, ಬುಧವಾರ

ಅಕ್ಕನಿಗೆ ತಾಲೀಮು. “‘ಮಧ್ಯಾಹ್ನವೇ ಡಾಕ್ಟ್ರು ಫೋನಲ್ಲಿ ಹೋಗ್ಬೇಡಿ ಅಂದ್ರು’ — ಅಷ್ಟು ಹೇಳು, ಸಾಕು.”

“ಅಂದ್ರಾ?”

“ಕೇಳಿದ್ರೆ ಅನ್ನೋರೇ ತಾನೇ? ಅಂದಂಗೇ ಲೆಕ್ಕ.”

ಅಕ್ಕ ಕಿಟಕಿ ಕಡೆ ನೋಡುತ್ತಾ ಹೂಂಗುಟ್ಟಿದಳು. ನಾಳೆಗೆ ಮುಗಿಯಿತು ಕತೆ. ಬೆಣ್ಣೆ ಕರಗಿದ ಹಾಗೇ.

ಏಪ್ರಿಲ್ 10, ಗುರುವಾರ

ಸ್ಪೀಕರ್ ಹಾಕಿ ಎದುರು ಕೂತೆ. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. ಆ ಹಳೇ ಆಪರೇಟರ್ ದನಿ ಬಂತು, ಒಂದಿಷ್ಟೂ ನಡುಗಲಿಲ್ಲ.

“ಟ್ರಿಪ್ ಬೇಡ ಅಂತ ತೀರ್ಮಾನ ಮಾಡಿದ್ದು ಯಾರಮ್ಮಾ?”

“ನನ್ನ ತಂಗಿ.”

“ಡಾಕ್ಟ್ರು ಹೇಳಿದ ಮೇಲಾ?”

“ಇಲ್ಲಪ್ಪ. ಡಾಕ್ಟ್ರನ್ನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.”

ಆ ಕಡೆ ಕೀಬೋರ್ಡಿನ ಟಕಟಕ. “ಇನ್ನೇನಾದ್ರೂ ಬೇಕಿತ್ತಾ?” ಅಂತ ಅಕ್ಕನೇ ಕೇಳಿದಳು. ಅವನು ಫೋನ್ ಇಟ್ಟ ಮೇಲೆ ಇವಳು ಇಟ್ಟಳು.

ಕೂಗಾಡಿದೆ. “ಅದು ನಿನ್ನ ದುಡ್ಡೇ ಅಲ್ವೇನಕ್ಕಾ! ನಿನಗೋಸ್ಕರ ತಾನೇ ನಾನು ಹೀಗೆ ಒದ್ದಾಡ್ತಿರೋದು!”

“ಹೌದು. ನನ್ನ ದುಡ್ಡು. ನನ್ನ ಜ್ವರ. ಸರೋವರವೂ ನಂದೇ.” ದನಿ ಎತ್ತಲೇ ಇಲ್ಲ. “ಕೇಳಿದ್ದಿದ್ರೆ ನಾನೇ ಬೇಡ ಅಂತಿದ್ದೆ ಕಣೇ. ಕೇಳ್ಬೇಕಿತ್ತು.”

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಜೀವ ಉಳಿಸಿದವಳು, ನನಗೇ ಈ ಮಾತು! ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ.

ಏಪ್ರಿಲ್ 24, ಗುರುವಾರ

ಕ್ಲೈಮ್ ತಿರಸ್ಕೃತ. ವಿಮಾನದವರಿಂದ ಟಿಕೆಟ್ಟಿನಲ್ಲಿ ಸೇರಿದ್ದ ಏರ್‌ಪೋರ್ಟ್ ತೆರಿಗೆ ಮಾತ್ರ ವಾಪಸ್ಸು. ಹೆಚ್ಚೆಂದರೆ ಒಂದು ಸಲ ಪೆಟ್ರೋಲ್ ಟ್ಯಾಂಕು ತುಂಬಿಸಬಹುದು. ಬೆಣ್ಣೆಗೆ ಬೈಯೋಣವೆಂದು ಫೋನ್ ಎತ್ತಿಕೊಂಡೆ, ಇಟ್ಟೆ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅಕ್ಕ ಹೇಳಿದ್ದರಲ್ಲಿ?

ಮನೆಯಲ್ಲಿ ಎರಡು ವಾರದಿಂದ ಬರೀ “ಕಾಫಿ ಆಯ್ತು”, “ಬೀಗ ಹಾಕು”. ತಪ್ಪು ನನ್ನದಲ್ಲ ಅಂತ ವಾದ ಮಾಡಲು ನೂರು ಮಾತಿವೆ, ಕೇಳಲು ಜನ ಇಲ್ಲ.

ಏಪ್ರಿಲ್ 26, ಶನಿವಾರ

ಸೋಮವಾರ ಕ್ಲಚ್ಚಪ್ಪನ ಟೆಸ್ಟು. ಇವತ್ತು ಕೊನೇ ಕ್ಲಾಸು. ಅದೇ ಸರ್ಕಲ್. ಅಡ್ಡ ಒಂದು ನಾಯಿ. ನನ್ನ ಕಾಲು ಎದ್ದಿತು... ಯಾಕೋ ಏನೋ, ಹಿಡಿದುಕೊಂಡೆ. ಕ್ಲಚ್ಚಪ್ಪ ನೋಡಿದ. ಅವನೇ ಒತ್ತಿದ. ಕಾರು ನಿಂತಿತು. ನಾಯಿ ಬಾಲ ಅಲ್ಲಾಡಿಸಿಕೊಂಡು ದಾಟಿ ಹೋಯಿತು.

“ಮೇಡಂ! ನೀವು ಒತ್ತಲಿಲ್ಲ ಅಲ್ವಾ? ನಾನೇ ಅಲ್ವಾ?” ಐವತ್ತು ದಾಟಿದ ಗಂಡಸು, ಮಕ್ಕಳ ಹಾಗೆ ಬೀಗುತ್ತಿದ್ದ. ಇಷ್ಟು ದಿನ ಇವನಿಗೆ ನಾನು ಈ ಖುಷಿ ಕೊಟ್ಟೇ ಇರಲಿಲ್ಲವಲ್ಲ. ಇವನಿಗೆ ಮಾತ್ರವೇ?

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕೇಳಿದೆ. “ಅಕ್ಕಾ. ಸರೋವರಕ್ಕೆ ಹೋಗೋಣ್ವಾ?”

“ಯಾವಾಗ?”

“ನೀನು ಹೇಳು.”

“ಯಾವುದ್ರಲ್ಲಿ?”

“ಅದೂ ನೀನೇ ಹೇಳು.”

ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. “ಈಗ ನಿಂಗೇನಾದ್ರೂ ಜ್ವರ ಬಂದಿದ್ಯಾ?”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು. ಆಮೇಲೆ ಹುಕುಂ ಹೊರಟಿತು — ಸ್ಕೂಲಿನ ಕಾರಿನಲ್ಲಿ. ವಾಪಸ್ಸು ಬಂದ ತೆರಿಗೆ ದುಡ್ಡು ಪೆಟ್ರೋಲಿಗೆ. ಎರಡು ದಿನದ ದಾರಿ. ಮೊದಲು ಡಾಕ್ಟರನ್ನು ಕೇಳುವುದು, ಕೇಳುವವಳು ಅವಳು. ಸ್ವೆಟರು ಎರಡು, ತೆಳುವಾದವು!

ಮೇ 17, ಶನಿವಾರ

ಡಾಕ್ಟರು ಹೂಂ ಎಂದರು, ನಾವು ಹೊರಟೆವು. ದಾರಿಯಲ್ಲಿ ಲಾಡ್ಜು. ಸೊಂಟ ಹಿಡಿದಿದೆ, ತಲೆ ಕೆಟ್ಟಿದೆ. ನಾನು ಓಡಿಸುವುದು, ಅಕ್ಕ ಪಕ್ಕದ ಸೀಟಿನಲ್ಲಿ. ಅಲ್ಲೇ ಯೋಚನೆ ಮಾಡಬೇಕಿತ್ತು. ನನ್ನ ಸೀಟು ಅದು. ಬ್ರೇಕು ಈಗ ಅವಳ ಕಾಲ ಕೆಳಗೆ!

ಖಾಲಿ ರಸ್ತೆ, ಒಳ್ಳೆ ಹದದಲ್ಲಿ ಹೋಗುತ್ತಿದ್ದೇನೆ, ಗಕ್ಕನೆ ಕಾರು ನಿಂತಿತು. “ನೋಡೇ, ಎಷ್ಟೊಂದು ಕೊಕ್ಕರೆ.” ಇನ್ನೊಂದು ಕಡೆ, ಯಾರದೋ ಮನೆ ಮುಂದೆ ಒಣಗಿ ಹಾಕಿದ ಹಳದಿ ಚಾದರ ಚೆನ್ನಾಗಿದೆ ಎಂದು. ಮೂರನೇ ಸಲ ನಾನು ಕಿರುಚಿಯೇ ಬಿಟ್ಟೆ.

“ಹೇಳಿ ಒತ್ತಕ್ಕಾ!”

“ನೀನು ಹೇಳಿ ಒತ್ತಿದ್ಯಾ?”

ಗೇರು ಹಾಕಿದೆ. ಆಮೇಲೆ ಅವಳೂ ಹೇಳಿಯೇ ಒತ್ತಿದಳು ಅನ್ನಿ. ಆದರೂ ಒತ್ತುವಾಗ ಮುಖದಲ್ಲಿ ಅದೇನು ಕಳೆ!

ಮೇ 18, ಭಾನುವಾರ, ಸಂಜೆ

ಬಂದೆವು.

ಕ್ಯಾಲೆಂಡರಿನಲ್ಲಿ ಕಂಡದ್ದಕ್ಕಿಂತ ಚಿಕ್ಕದು. ಬಣ್ಣವೂ ಅಷ್ಟು ನೀಲಿ ಇಲ್ಲ. ನಾನು ಆ ಮಾತು ಎತ್ತಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು, ಸೀರೆ ಮೇಲೆತ್ತಿ, ಕಲ್ಲಿನ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಟ್ಟಳು. ಭುಜ ಸಣ್ಣಗೆ ಅಲುಗುತ್ತಿತ್ತು. ಅಳುವೋ ನಗುವೋ, ಇಲ್ಲಿಂದ ಗೊತ್ತಾಗಲಿಲ್ಲ. ನನಗಂತೂ ಅಳು.

ನಾನು ಕಾರಿಗೆ ಒರಗಿ ನಿಂತು, ಬಾನೆಟ್ ಮೇಲೆ ಈ ಡೈರಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗಾಳಿ ಏಳುತ್ತಿದೆ. ನೀರು ತಣ್ಣಗಿದೆ, ಮುಟ್ಟಿ ನೋಡಿದ್ದೇನೆ. ಅವಳ ಎದೆ ಇನ್ನೂ... “ಸಾಕು, ಎದ್ದು ಬಾ” — ನಾಲಿಗೆಯ ತುದಿಯಲ್ಲೇ ಇದೆ. ಎರಡು ಸಲ ನುಂಗಿದೆ. ಬಲಗಾಲು ಸುಮ್ಮನೆ ನೆಲ ಒತ್ತುತ್ತಿದೆ.

ಕೊನೆಗೆ ಕೇಳಿಯೇ ಬಿಟ್ಟೆ. “ಅಕ್ಕಾ, ಸಾಕಾ? ಇನ್ನೂ ಸ್ವಲ್ಪ ಹೊತ್ತು ಇರ್ತೀಯಾ?”

ತಿರುಗಲಿಲ್ಲ. ಅದೇ ದನಿ, ನೀರಿನ ಮೇಲಿಂದ ಸ್ಪಷ್ಟವಾಗಿ ಬಂತು. “ದಯವಿಟ್ಟು ಹೋಲ್ಡ್ ಮಾಡಿ.”

ಹೋಲ್ಡ್ ಮಾಡಿದ್ದೇನೆ. ಬಿಸಿಲು ಇಳಿಯುತ್ತಿದೆ. ಈಗ ಕೈ ಬೀಸುತ್ತಿದ್ದಾಳೆ — ಬಾ ಎಂದೋ, ಅಲ್ಲೇ ಇರು ಎಂದೋ... ಏನೆಂದು ಕೇಳಿಕೊಂಡು ಬರುತ್ತೇನೆ.